ಹಾಡು ಉಳಿಯಿತು, ಸುರುಳಿ ಎಲ್ಲಿ?

ನವೆಂಬರ್ ತಿಂಗಳಲ್ಲಿ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಸುತ್ತ ಒಮ್ಮೆ ಅಡ್ಡಾಡಿದರೆ ಎರಡು ಬಗೆಯ ಕನ್ನಡ ಕಿವಿಗೆ ಬೀಳುತ್ತದೆ. ರಾಜ್ಯೋತ್ಸವದ ಪೆಂಡಾಲಿನ ಧ್ವನಿವರ್ಧಕದಲ್ಲಿ ‘ನಿತ್ಯೋತ್ಸವ’. ಪಕ್ಕದಲ್ಲೇ ನಿಂತ ಆಟೊದಲ್ಲಿ, ಮಾತಿಗೂ ಹಾಡಿಗೂ ನಡುವೆ ಓಡುವ ಕನ್ನಡ ರ‍್ಯಾಪ್. ಅಲ್ಲಿ ಕಾಲೇಜು ಹುಡುಗರಿಬ್ಬರು ಹೊಸ ರ‍್ಯಾಪ್ ಹಾಡೊಂದನ್ನು ‘ಕ್ಲಾಸಿಕ್ ಗುರು’ ಎಂದು ಹೊಗಳುತ್ತಿದ್ದರು. ಅದು ಬಂದು ಎಷ್ಟು ದಿನವಾಯಿತು ಎಂದು ಕೇಳಿದೆ. ‘ಮೂರು ವಾರ’ ಎಂದರು.

ಮೂರು ವಾರಕ್ಕೇ ಒಂದು ಹಾಡು ಕ್ಲಾಸಿಕ್ ಆಗಬಹುದೇ? ಹಿಪ್‌ಹಾಪ್ ಕೇಳುಗರು ಅತಿ ಹೆಚ್ಚು ಜಗಳವಾಡುವುದು ಇದೇ ಮಾತಿನ ಮೇಲೆ. 1973ರಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಬಡಾವಣೆಯಲ್ಲಿ ಹುಟ್ಟಿ, ಕೈಯಿಂದ ಕೈಗೆ ದಾಟಿದ ಕ್ಯಾಸೆಟ್ಟುಗಳ ಮೂಲಕವೇ ಬಹಳಷ್ಟು ಹರಡಿದ ಸಂಗೀತ ಇದು. ಅಲ್ಲಿ ಈ ಬಿರುದಿಗಾಗಿ ನಿಜವಾದ ವಾದ ನಡೆಯುವುದು ಬಿಡಿ ಹಾಡಿನ ಬಗ್ಗೆ ಅಲ್ಲ, ಆಲ್ಬಮ್ಮಿನ ಬಗ್ಗೆ. ಅಂದರೆ ಒಂದೇ ಹೆಸರಿನಡಿ, ಗೊತ್ತುಮಾಡಿದ ಅನುಕ್ರಮದಲ್ಲಿ ಬರುವ ಹಾಡುಗಳ ಗುಚ್ಛ. ನಮ್ಮ ಹಿಂದಿನ ಪತ್ರಿಕೆಗಳು ಅದನ್ನು ‘ಧ್ವನಿಸುರುಳಿ’ ಎಂದು ಕರೆಯುತ್ತಿದ್ದವು.

ಮಾರಾಟದ ಲೆಕ್ಕ ಈ ವಾದದಲ್ಲಿ ಹೆಚ್ಚು ನಡೆಯುವುದಿಲ್ಲ. 1990ರಲ್ಲಿ ವೆನಿಲಾ ಐಸ್ ಎಂಬಾತನ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿತ್ತು. ಇಂದು ಅದನ್ನು ಕ್ಲಾಸಿಕ್ ಎನ್ನುವವರು ಸಿಗುವುದು ಕಷ್ಟ. 1994ರಲ್ಲಿ 20 ವರ್ಷದ ಹುಡುಗ ನಾಸ್ ‘ಇಲ್ಮ್ಯಾಟಿಕ್’ ತಂದ. 40 ನಿಮಿಷವೂ ತುಂಬದ ಆಲ್ಬಮ್ ಅದು. ಐದು ಲಕ್ಷ ಪ್ರತಿಗಳ ಗಡಿ ಮುಟ್ಟಲು 1996 ಬರಬೇಕಾಯಿತು, ಹತ್ತು ಲಕ್ಷಕ್ಕೆ 2001. ಆದರೂ ಹಿಪ್‌ಹಾಪ್ ಕ್ಲಾಸಿಕ್ ಎಂದೊಡನೆ ಮೊದಲು ಬರುವ ಹೆಸರುಗಳಲ್ಲಿ ಅದೊಂದು; ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ 2021ರಲ್ಲಿ ಸೇರಿಸಿತು. ಆ ಸುರುಳಿಯ ಎರಡು ಬದಿಗಳಿಗೆ ‘ಎ’, ‘ಬಿ’ ಎಂಬ ಗುರುತಿರಲಿಲ್ಲ. ನಾಸ್ ಬೆಳೆದ ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದ 40 ಮತ್ತು 41ನೇ ಬೀದಿಗಳ ಹೆಸರಿದ್ದವು. ಹಾಡುಗಳೂ ಆ ಬೀದಿ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಒಂದೇ ಜಾಗ, ಒಂದೇ ಕಣ್ಣು. ಒಂದು ಹಾಡು ತೆಗೆದರೆ ಒಂದು ಮನೆ ಕೆಡವಿದಂತೆ ಕಾಣುತ್ತದೆ.

ಈಗ ನಮ್ಮ ಜಿಲ್ಲೆಗೆ ಬರೋಣ. ವಿಮಾನ ನಿಲ್ದಾಣ ಬರುವ ಮೊದಲು ದೇವನಹಳ್ಳಿಯ ಹೆಸರು ಹೇಳಿದರೆ ಟಿಪ್ಪುವಿನ ಹುಟ್ಟೂರು, ಚಕ್ಕೋತ ಇವೆರಡೇ ನೆನಪಾಗುತ್ತಿದ್ದವು. ಮೂರನೆಯದೊಂದಿದೆ: 1936ರ ಫೆಬ್ರುವರಿ 5ರಂದು ಕೆ.ಎಸ್. ನಿಸಾರ್ ಅಹಮದ್ ಹುಟ್ಟಿದ್ದು ಇಲ್ಲೇ. ಅವರು ಭೂವಿಜ್ಞಾನದ ಮೇಷ್ಟ್ರು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲೂ ಪಾಠ ಹೇಳಿದವರು. ‘ನಿತ್ಯೋತ್ಸವ’ ಗೀತೆಯಲ್ಲಿ ಜೋಗವಿದೆ, ತುಂಗೆಯಿದೆ, ಜೊತೆಗೆ ಸಹ್ಯಾದ್ರಿಯ ಲೋಹದ ಅದಿರೂ ಇದೆ. ನಾಡಿನ ಹೊಗಳಿಕೆಗೆ ಕೂತ ಕವಿಗಳಿಗೆ ಬೆಟ್ಟದ ಹಸಿರು ಕಾಣುವುದು ಸಹಜ. ಬೆಟ್ಟದೊಳಗಿನ ಅದಿರು ಕಾಣಬೇಕಾದರೆ ಕಲ್ಲು ಒಡೆದು ನೋಡಿದ ಮೇಷ್ಟ್ರೇ ಬೇಕಾಯಿತೇನೋ.

1978ರಲ್ಲಿ ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದೇ ದಾಖಲಾಗಿದೆ. ಅದಕ್ಕೂ ಮೊದಲು ಕವಿತೆಗಳನ್ನು ಹಾಡುತ್ತಿರಲಿಲ್ಲವೆಂದಲ್ಲ. ಪಿ. ಕಾಳಿಂಗರಾಯರ ಕಂಠ ನಾಡಿನ ಮನೆಮಾತಾಗಿತ್ತು. ಆದರೆ ಹಳೆಯ 78 ವೇಗದ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಮೂರು ನಿಮಿಷದ ಆಸುಪಾಸು, ಅಂದರೆ ಒಂದೇ ಹಾಡು. ಕ್ಯಾಸೆಟ್ಟಿನ ಒಂದು ಬದಿಗೆ ಅರ್ಧ ಗಂಟೆ. ಜೊತೆಗೆ ಅದು ಅಗ್ಗ, ಜೇಬಿಗೆ ಹಿಡಿಸುವಂಥದ್ದು. ಒಬ್ಬ ಕವಿಯ ಲೋಕವನ್ನು ಕೂತು ಕೇಳುವ ಅವಕಾಶ ಮಧ್ಯಮ ವರ್ಗದ ಮನೆಗೆ ಬಂದದ್ದು ಹೀಗೆ. ಆ ದಾರಿಯಲ್ಲೇ ಮುಂದೆ ಬೇರೆ ಬೇರೆ ಕವಿಗಳ ಸುರುಳಿಗಳು ಸಾಲಾಗಿ ಬಂದವು. ಹಿಂದೆ ಬಂದವರಿಗೆ ದಾರಿ ತೋರಿಸುವುದೇ ಕ್ಲಾಸಿಕ್ಕಿನ ಲಕ್ಷಣವಾದರೆ ‘ನಿತ್ಯೋತ್ಸವ’ಕ್ಕೆ ಪೂರ್ತಿ ಅಂಕ.

ತೊಡಕಿರುವುದು ಇನ್ನೊಂದು ಕಡೆ. ಬಸ್ ನಿಲ್ದಾಣದ ಆ ಹುಡುಗರನ್ನು ‘ನಿತ್ಯೋತ್ಸವ ಸುರುಳಿಯ ಇನ್ನೊಂದು ಹಾಡು ಹೇಳಿ ನೋಡೋಣ’ ಎಂದೆ. ‘ಅದು ಒಂದೇ ಹಾಡಲ್ಲವಾ ಸಾರ್?’ ಎಂದರು. ಅವರನ್ನು ನಕ್ಕು ಹಗುರ ಮಾಡುವಂತಿಲ್ಲ; ತಟ್ಟನೆ ಉತ್ತರ ನನಗೂ ಹೊಳೆಯಲಿಲ್ಲ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಿಂತು ನಾವು ಕಲಿತದ್ದೂ ಆ ಒಂದನ್ನೇ. ಟೇಪ್ ರೆಕಾರ್ಡರ್ ಮನೆಯಿಂದ ಹೋಯಿತು, ಅದರೊಡನೆ ಒಂದು ಬದಿ ಮುಗಿಯುವವರೆಗೆ ಕೂತು ಕೇಳುವ ಅಭ್ಯಾಸವೂ ಹೋಯಿತು. ಗೀತೆ ನಾಡಿನದಾಯಿತು, ಸುರುಳಿ ಅಟ್ಟ ಸೇರಿತು. ಹಿಪ್‌ಹಾಪಿನ ಕಟ್ಟುನಿಟ್ಟಿನ ಪಂಡಿತರು ಇದನ್ನು ಕ್ಲಾಸಿಕ್ ಹಾಡು ಎನ್ನುತ್ತಾರೆ, ಕ್ಲಾಸಿಕ್ ಆಲ್ಬಮ್ ಎನ್ನಲು ತಡವರಿಸುತ್ತಾರೆ.

ಆ ಅರ್ಥದಲ್ಲಿ ಇಡಿಯಾಗಿ ಉಳಿದದ್ದು ಯಾವುದು ಎಂದು ಕೇಳಿದರೆ ನನ್ನ ಮತ ಸಿ. ಅಶ್ವತ್ಥ್ ಸ್ವರ ಹಾಕಿದ ಶಿಶುನಾಳ ಶರೀಫರ ಹಾಡುಗಳಿಗೆ. ಸೋರುವ ಮಾಳಿಗೆ, ಮಂಗನನ್ನು ನುಂಗುವ ಕೋಳಿ: ದಿನನಿತ್ಯದ ಮಾತಿನಲ್ಲೇ ಒಗಟು ಹೇಳುವ ಶರೀಫರಿಗೂ ರ‍್ಯಾಪ್ ಹುಡುಗರಿಗೂ ನಂಟು ಹುಡುಕುವುದು ಕಷ್ಟವಲ್ಲ. ಅವುಗಳಲ್ಲಿ ಒಂದು ಬಂದವರಿಗೆ ಇನ್ನೂ ನಾಲ್ಕು ಬರುತ್ತವೆ. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರ ಅದಕ್ಕೆ ನೆರವಾಯಿತು ಎಂಬ ಮಾತನ್ನೂ ಒಪ್ಪಬೇಕು.

ಕನ್ನಡದ ರ‍್ಯಾಪ್ ಹೆಚ್ಚಾಗಿ ಬಂದಿರುವುದು ಬಿಡಿ ಹಾಡುಗಳ ರೂಪದಲ್ಲೇ. ಚಂದನ್ ಶೆಟ್ಟಿಯವರ 2016ರ ‘3 ಪೆಗ್’ ಹಾಗೆಯೇ ಮನೆಮನೆಗೆ ತಲುಪಿತು. ಮೊಬೈಲಿನಲ್ಲಿ ಹಾಡು ಬರುವುದು ಒಂದೊಂದಾಗಿ, ಎಣಿಕೆಯೂ ಒಂದೊಂದರದ್ದೇ. ಇಂಥ ಪೇಟೆಯಲ್ಲಿ ಹತ್ತು ಹಾಡು ಕಟ್ಟಿ ಕೂರಿಸಲು ಯಾರಿಗೆ ಪುರುಸೊತ್ತು ಎಂದು ಕೇಳಬಹುದು. ಆದರೆ ಅದೇ ಮೊಬೈಲಿನ ಕಾಲದಲ್ಲಿ, 2018ರಲ್ಲಿ, ಕೆಂಡ್ರಿಕ್ ಲಮಾರ್‌ಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಬಂದದ್ದು ಇಡೀ ಆಲ್ಬಮ್ಮಿಗೆ.

ಬೀದಿಯ ಹೆಸರನ್ನೇ ಸುರುಳಿಯ ಬದಿಗೆ ಇಡಬೇಕೆಂದರೆ ನಮ್ಮಲ್ಲಿ ಬೀದಿಗೆ ಬರವಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಕೇರಿಗಳಲ್ಲಿ ಹೊತ್ತು ಮುಳುಗಿದ ಮೇಲೂ ವಿದ್ಯುತ್ ಮಗ್ಗ ಒಂದೇ ಲಯದಲ್ಲಿ ಬಡಿಯುತ್ತಿರುತ್ತದೆ. ನಾನು ಕೇಳಿದ ಯಾವ ರ‍್ಯಾಪಿನಲ್ಲೂ ಆ ಸದ್ದು ಇನ್ನೂ ಸಿಕ್ಕಿಲ್ಲ.