ಕುಡಿಯುವ ನೀರೂ ಹೊಳೆಯ ದಂಡೆಯೂ

ಊಟದ ಎಲೆಯ ತುದಿಯಲ್ಲಿ ಅಪ್ಪೆಮಿಡಿಯ ಉಪ್ಪಿನಕಾಯಿ, ಪಕ್ಕದಲ್ಲಿ ಒಂದು ಲೋಟ ನೀರು. ಶಿರಸಿ, ಸಿದ್ಧಾಪುರಗಳ ಕಡೆಯ ಮನೆಗಳಲ್ಲಿ ಇವೆರಡೂ ನಿತ್ಯದ ವಸ್ತುಗಳು. ಇವೆರಡರ ತವರೂ ಒಂದೇ ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಅಪ್ಪೆಯ ಮರ ಸೊಂಪಾಗಿ ಬೆಳೆಯುವುದು ಹೊಳೆಯ ದಂಡೆಯಲ್ಲಿ. ನಲ್ಲಿಯ ನೀರು ಬರುವುದೂ ಹೊಳೆಯಿಂದಲೇ. ದಂಡೆ ಕೆಟ್ಟರೆ ಎರಡೂ ಕೆಡುತ್ತವೆ. ಹಾಗಾದರೆ ದಂಡೆಯನ್ನು ಕಾಯುವ ಹೊಣೆ ಯಾರದು? ಈ ಪ್ರಶ್ನೆಯನ್ನು ಅಘನಾಶಿನಿ ನದಿಯನ್ನೇ ಮುಂದಿಟ್ಟುಕೊಂಡು ವಿಚಾರಿಸೋಣ.

'ಅಘ' ಎಂದರೆ ಪಾಪ. ಅದನ್ನು ನಾಶಮಾಡುವವಳು ಅಘನಾಶಿನಿ. ಇವಳ ಒಂದು ಕವಲು ಶಿರಸಿಯ ಶಂಕರಹೊಂಡದಲ್ಲಿ, ಇನ್ನೊಂದು ಮಂಜುಗುಣಿಯಲ್ಲಿ ಹುಟ್ಟುತ್ತದೆ. ಎರಡೂ ಕೂಡಿ ಹರಿದು, ಹೆಗ್ಗರಣೆಯ ಸಮೀಪ ಉಂಚಳ್ಳಿಯಲ್ಲಿ 116 ಮೀಟರುಗಳಷ್ಟು ಕೆಳಕ್ಕೆ ಧುಮುಕುತ್ತವೆ. ಆ ಅಬ್ಬರಕ್ಕೆ ಕಿವಿ ಕೆಪ್ಪಾಗುತ್ತದೆಂದು ಜನ ಅದನ್ನು 'ಕೆಪ್ಪಜೋಗ'ವೆಂದು ಕರೆದರು. ಅಲ್ಲಿಂದ ಘಟ್ಟವಿಳಿದ ನದಿ ಕುಮಟಾ ತಾಲೂಕಿನ ತದಡಿಯ ಬಳಿ ಕಡಲನ್ನು ಸೇರುತ್ತದೆ. ಹಾದಿಯಲ್ಲಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಇಂಥ ನದಿಗಳು ಈಗ ನಾಡಿನಲ್ಲಿ ಅಪರೂಪ.

ಮಳೆಗಾಲದ ನೀರು ಬೇಸಿಗೆಯವರೆಗೆ ಉಳಿಯುವುದು ಹೇಗೆ? ಅದರ ಉಗ್ರಾಣ ಕಾಡಿನ ನೆಲ. ಮರದ ಮೇಲೆ ಬಿದ್ದ ಮಳೆ ತರಗೆಲೆಯ ಹಾಸಿನಲ್ಲಿ ತಡೆದು ನಿಂತು, ಬೇರುಗಳ ಸಂದಿನಿಂದ ಮಣ್ಣಿಗಿಳಿಯುತ್ತದೆ. ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಒಸರುತ್ತದೆ. ಜಲಾನಯನದ ಅರುವತ್ತು ಶೇಕಡಾಕ್ಕೂ ಮಿಗಿಲಾದ ಭಾಗದಲ್ಲಿ ಸ್ಥಳೀಯ ಜಾತಿಯ ಗಿಡಮರಗಳಿದ್ದರೆ ತೊರೆಗಳು ವರ್ಷವಿಡೀ ಹರಿಯುತ್ತವೆ, ಒಂದೇ ಜಾತಿಯ ನೆಡುತೋಪುಗಳಿದ್ದಲ್ಲಿ ಬೇಗನೆ ಬತ್ತುತ್ತವೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಜಿಲ್ಲೆಯ ಹೊಳೆಗಳನ್ನು ಅಭ್ಯಸಿಸಿ ತೋರಿಸಿದ್ದಾರೆ. ದಂಡೆಯ ಮರಗಳಿಗೆ ಇನ್ನೊಂದು ಕೆಲಸವೂ ಉಂಟು: ಬೇರಿನಿಂದ ಮಣ್ಣನ್ನು ಹಿಡಿಯುತ್ತವೆ, ನೆರಳಿನಿಂದ ನೀರನ್ನು ತಂಪಾಗಿಡುತ್ತವೆ, ಮೀನುಗಳಿಗೆ ಆಸರೆಯಾಗುತ್ತವೆ. ಸಿದ್ಧಾಪುರ ತಾಲೂಕಿನ ಕತ್ತಲೆಕಾನಿನಲ್ಲಿ, ಕೆಸರಿನಿಂದ ಮೊಣಕಾಲಿನಂತೆ ಬೇರನ್ನು ಮೇಲೆತ್ತಿ ನಿಂತ ರಾಮಪತ್ರೆ ಜಡ್ಡಿಗಳು ಇಂಥ ಜಲಾರಣ್ಯಗಳಲ್ಲಿ ಅತಿ ಪ್ರಾಚೀನವಾದವು.

ಇನ್ನು ನೀರೆತ್ತುವ ವಿಷಯ. ಶಿರಸಿ ಪಟ್ಟಣಕ್ಕೆ ಕೆಂಗ್ರೆ ಹೊಳೆಯಿಂದಲೂ ಮಾರಿಗದ್ದೆಯಿಂದಲೂ ನೀರು ಬರುತ್ತದೆ. ಮಾರ್ಚಿಯಿಂದ ಮೇ ತಿಂಗಳವರೆಗೆ ಪಟ್ಟಣದ ಬೇಡಿಕೆ ಹೆಚ್ಚು, ಹೊಳೆಯ ಹರಿವು ಅತ್ಯಲ್ಪ. ಆ ದಿನಗಳಲ್ಲಿ ಇದ್ದುದನ್ನೆಲ್ಲ ಪಂಪು ಎಳೆದರೆ ಕೆಳಗಿನ ತೋಟಿಗನಿಗೆ, ದನಕರುಗಳಿಗೆ, ಮೀನಿಗೆ ಏನು ಉಳಿಯುತ್ತದೆ? ಇನ್ನೂ ಕೆಳಗೆ ಅಳಿವೆಯಲ್ಲಿ ಬಳಚು ಆರಿಸುವವರೂ, ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರೂ ಇದ್ದಾರೆ. ಸಿಹಿನೀರೂ ಉಪ್ಪುನೀರೂ ಹದವಾಗಿ ಬೆರೆತರೇ ಅವರ ಬಾಳು. ಆ ಅಳಿವೆ 2024ರಲ್ಲಿ ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು.

ಒಂದೇ ಹೊಳೆಗೆ ಯಜಮಾನರು ಮಾತ್ರ ಹಲವರು. ಕಾಡು ಅರಣ್ಯ ಇಲಾಖೆಯದು. ಸೊಪ್ಪಿನ ಬೆಟ್ಟದ ಬಳಕೆ ಅಡಕೆ ತೋಟದವರದು. ಹಳ್ಳಿಯ ನಲ್ಲಿ ಗ್ರಾಮ ಪಂಚಾಯಿತಿಯದು. ಪಟ್ಟಣದ ನಲ್ಲಿ ನಗರಸಭೆಯದು. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸವನ್ನು ನೆಟ್ಟಗೆ ಮಾಡಿದರೂ ಹೊಳೆ ಬತ್ತಬಹುದು. ಏಕೆಂದರೆ ಇಡೀ ಹೊಳೆಯನ್ನು ನೋಡುವವರು ಯಾರೂ ಇಲ್ಲ. ಆದ್ದರಿಂದಲೇ ಎಲ್ಲರೂ ಕೂಡಿ ಕೂರುವ ಒಂದು ಪಂಕ್ತಿ ಬೇಕಾಗುತ್ತದೆ.

ಕಾನೂನು ಇದಕ್ಕೆ ದಾರಿ ತೆರೆಯದೆ ಇಲ್ಲ. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ 'ಸಂರಕ್ಷಣಾ ಮೀಸಲು' ಎಂಬ ಹೊಸ ಬಗೆ ಬಂತು. ಸ್ಥಳೀಯ ಜನರೊಡನೆ ಸಮಾಲೋಚಿಸಿಯೇ ಅದನ್ನು ಘೋಷಿಸಬೇಕು. ಸಲಹೆ ನೀಡುವ ಸಮಿತಿಯಲ್ಲಿ ಆ ಪ್ರದೇಶದ ಪ್ರತಿಯೊಂದು ಗ್ರಾಮ ಪಂಚಾಯಿತಿಗೂ ಒಂದೊಂದು ಸ್ಥಾನವಿರಬೇಕು. ಉಂಚಳ್ಳಿ, ಕತ್ತಲೆಕಾನು ಮುಂತಾದ ಕಾಡುಗಳು ಸೇರಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಾದವು. ಮರುವರ್ಷ ಶಿರಸಿಯ ಶಾಲ್ಮಲಾ ನದಿಯ ದಂಡೆಗೂ ಇದೇ ಮನ್ನಣೆ ದೊರೆಯಿತು. 2019ರಲ್ಲಿ ಅಘನಾಶಿನಿಯ ಮೀಸಲನ್ನು ಶರಾವತಿ ಕಣಿವೆಯ ಅಭಯಾರಣ್ಯದಲ್ಲಿ ವಿಲೀನಗೊಳಿಸಲಾಯಿತು. ಕಾಡಿಗೆ ಕಾವಲು ಬಿಗಿಯಾಯಿತು, ನಿಜ. ಆದರೆ ಅಭಯಾರಣ್ಯದ ಸಲಹಾ ಸಮಿತಿಯಲ್ಲಿ ಪಂಚಾಯತ್ ರಾಜ್ ಸಂಸ್ಥೆಗಳಿಗೆಲ್ಲ ಸೇರಿ ಕಾಯಿದೆ ಕೊಡುವುದು ಮೂರೇ ಸ್ಥಾನ. ಇನ್ನು ನೀರು ಕುಡಿಯುವ ಪಟ್ಟಣಕ್ಕೆ, ಕಾಯಿದೆಯ ಪ್ರಕಾರ, ಆ ಸಮಿತಿಯಲ್ಲೂ ಈ ಸಮಿತಿಯಲ್ಲೂ ಪ್ರತ್ಯೇಕ ಸ್ಥಾನವಿಲ್ಲ. ನೀರನ್ನು ಬಳಸುವವನು ಒಂದೆಡೆ, ದಂಡೆಯನ್ನು ಕಾಯುವವನು ಇನ್ನೊಂದೆಡೆ: ಕೊರತೆ ಇರುವುದು ಇಲ್ಲಿ.

ಈ ಕೊರತೆಯನ್ನು ತುಂಬಿಕೊಂಡವರು ಇಲ್ಲದಿಲ್ಲ. ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ನೀರು ಬರುವುದು ದೂರದ ಬೆಟ್ಟಸೀಮೆಯ ಹೊಳೆಗಳಿಂದ. ಆ ನೀರನ್ನು ಸೋಸಲು ಶತಕೋಟಿಗಟ್ಟಲೆ ಡಾಲರುಗಳ ಯಂತ್ರಾಗಾರ ಕಟ್ಟಬೇಕಾದ ಸಂದರ್ಭ ಬಂದಾಗ, 1997ರಲ್ಲಿ ನಗರದವರೂ ಬೆಟ್ಟದ ಊರಿನವರೂ ಒಂದು ಒಪ್ಪಂದಕ್ಕೆ ಬಂದರು. ಹೊಳೆಯ ಅಂಚನ್ನು ಹಸುರಾಗಿಡುವ ರೈತನಿಗೆ ನಗರ ಹಣ ಕೊಟ್ಟಿತು. ಬೆಟ್ಟದವರಿಗೆ ಬದುಕು ಉಳಿಯಿತು. ನಗರಕ್ಕೆ ಖರ್ಚು ಉಳಿಯಿತು.

ನಮ್ಮಲ್ಲಿಯೂ ಇದಕ್ಕೊಂದು ಹಿಡಿಕೆ ಇದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಗ್ರಾಮ ಪಂಚಾಯಿತಿಗೂ ನಗರಸಭೆಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು. ನಗರದ ಸಮಿತಿಯೂ ಹೊಳೆಸಾಲಿನ ಹಳ್ಳಿಗಳ ಸಮಿತಿಗಳೂ ವರ್ಷಕ್ಕೆ ಎರಡು ಬಾರಿ, ಮಳೆ ನಿಂತ ಮೇಲೊಮ್ಮೆ, ಬೇಸಿಗೆಗೆ ಮುನ್ನ ಒಮ್ಮೆ, ಅರಣ್ಯ ಇಲಾಖೆಯವರನ್ನೂ ಕರೆದು ಕೂಡಿ ಕೂತರೆ ಮೂರು ಕೆಲಸ ಆರಂಭಿಸಬಹುದು. ಮೊದಲನೆಯದು, ನೀರೆತ್ತುವ ಕಡೆ ಅಳತೆಗಲ್ಲು ನಿಲ್ಲಿಸಿ, ಇಷ್ಟು ನೀರು ಹೊಳೆಯ ಪಾಲಿಗೆ ಎಂದು ಗೊತ್ತುಮಾಡುವುದು. ಎರಡನೆಯದು, ನೀರಿನ ಕರದಲ್ಲಿ ಕಿಂಚಿತ್ ಭಾಗವನ್ನು ದಂಡೆಯಲ್ಲಿ ಅಪ್ಪೆ, ರಾಮಪತ್ರೆ, ನೇರಲು, ವಾಟೆಗಳನ್ನು ನೆಟ್ಟು ಬೆಳೆಸಲು ಮೀಸಲಿಡುವುದು. ಮೂರನೆಯದು, ಮಿಡಿಯ ಆಸೆಗೆ ಕೊಂಬೆಯನ್ನೇ ಕಡಿಯುವ ಕೊಯ್ಲನ್ನು ನಿಲ್ಲಿಸುವುದು.

ಈ ಮೂರರಲ್ಲಿ ಮೊದಲನೆಯದೇ ಕಷ್ಟ. ಬಿರುಬೇಸಿಗೆಯಲ್ಲಿ ನಲ್ಲಿ ಒಂದು ತಾಸು ಕಡಿಮೆ ಬಂದಾಗ, ಆ ತಾಸಿನ ನೀರು ಕೆಳಗಿನವರಿಗಾಗಿ ಹೊಳೆಯಲ್ಲಿ ಹರಿಯುತ್ತಿದೆಯೆಂದು ಪಟ್ಟಣದ ಗೃಹಸ್ಥರು ಒಪ್ಪಿಕೊಳ್ಳಬೇಕಾಗುತ್ತದೆ. ಲೆಕ್ಕ ಎಲ್ಲರ ಕಣ್ಣೆದುರಿಗೆ ಇದ್ದರೆ ಮಾತ್ರ ಆ ಒಪ್ಪಿಗೆ ದೊರೆತೀತು. ನಿಮ್ಮ ವಾರ್ಡಿನ ಸದಸ್ಯರು ಈ ಸಲ ಮನೆಗೆ ಬಂದಾಗ, ನೀರು ಎಷ್ಟು ಹೊತ್ತು ಬಿಡುತ್ತೀರಿ ಎಂದು ಕೇಳುವುದರ ಜೊತೆಗೆ, ಹೊಳೆಗೆ ಎಷ್ಟು ಬಿಡುತ್ತೀರಿ ಎಂದೂ ಕೇಳಿ.