ಭೇದಿಗೆ ಉಪ್ಪು, ಸಕ್ಕರೆ ಎರಡೂ ಏಕೆ?

ಭೇದಿಯಾದ ಮಗುವಿಗೆ ಬರೀ ನೀರು ಕುಡಿಸುವುದನ್ನು ಮನೆಭೇಟಿಗಳಲ್ಲಿ ನಾವು ಕಾಣುತ್ತೇವೆ. ಅದು ಸಾಲದು. ಕರುಳಿನ ಜೀವಕೋಶಗಳ ಪೊರೆ ಎಲ್ಲವನ್ನೂ ಒಳಗೆ ಬಿಡುವುದಿಲ್ಲ. ಅದರಲ್ಲಿರುವ ಒಂದು ಬಾಗಿಲು, ಉಪ್ಪಿನ ಸೋಡಿಯಂ ಮತ್ತು ಸಕ್ಕರೆಯಿಂದ ಸಿಗುವ ಗ್ಲೂಕೋಸ್ ಜೊತೆಯಾಗಿ ಬಂದಾಗಲೇ ತೆರೆಯುತ್ತದೆ. ಕಾಲರಾದಲ್ಲೂ ಅದು ಕೆಡದು. ಅವೆರಡೂ ಒಳಹೊಕ್ಕರೆ ನೀರು ತಾನಾಗಿ ಹಿಂಬಾಲಿಸುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಇಂಥ ನೀರನ್ನೇ ಕುಡಿಸಿ ಕಾಲರಾ ಸಾವನ್ನು ನೂರಕ್ಕೆ 4ಕ್ಕಿಂತ ಕೆಳಗಿಳಿಸಿದರು.

ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ, ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿರಿ. ಸಕ್ಕರೆ ಹೆಚ್ಚಿಸಬೇಡಿ: ಗಿಡದ ಬುಡಕ್ಕೆ ಗುಪ್ಪೆಯಾಗಿ ಬಿದ್ದ ಯೂರಿಯಾ ಬೇರಿನ ನೀರನ್ನು ಹೊರಗೆಳೆಯುವಂತೆ, ದಟ್ಟ ಪಾನಕವು ಮೈಯ ನೀರನ್ನು ಕರುಳಿಗೆ ಎಳೆಯುತ್ತದೆ. ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.