ಪರಂಗಿ ಎಲೆಯೂ ಕ್ಯಾನ್ಸರ್ ರೋಗಿಯ ರಕ್ತಸ್ರಾವವೂ

ಮಳೆಗಾಲದಲ್ಲಿ ಡೆಂಗ್ಯೂ ಹಬ್ಬಿತೆಂದರೆ ಕಾಡುಗೋಡಿಯ ಮನೆಮನೆಯಲ್ಲೂ ಪರಂಗಿ ಎಲೆಯ ರಸದ ಮಾತು ಏಳುತ್ತದೆ. ಈಗ ಆ ಲೋಟವು ಕ್ಯಾನ್ಸರ್ ರೋಗಿಯ ಹಾಸಿಗೆಯ ಬಳಿಗೂ ಬಂದಿರುವುದು ನನ್ನ ಸಹನೆಯನ್ನು ಮೀರಿದ ಸಂಗತಿ. ವಸಡಿನಲ್ಲಿ ರಕ್ತ ಒಸರಲಿ, ಪೆಟ್ಟಿಲ್ಲದೆಯೇ ತೊಡೆ ನೀಲಿಗಟ್ಟಲಿ, ‘ಮೈಗೆ ಉಷ್ಣವಾಗಿದೆ, ಕೌಂಟ್ ಇಳಿದಿದೆ, ಎಲೆ ಅರೆದು ಕುಡಿಸಿ’ ಎಂಬುದೊಂದೇ ಉಪದೇಶ.

ಡೆಂಗ್ಯೂ ಜ್ವರವಿಳಿದ ಕೆಲವು ದಿನಗಳಲ್ಲಿ ಪ್ಲೇಟ್‌ಲೆಟ್ ಸಾಮಾನ್ಯವಾಗಿ ತಾನಾಗಿಯೇ ಏರುತ್ತದೆ. ಆ ಸಹಜ ಚೇತರಿಕೆಯ ಕೀರ್ತಿಯನ್ನು ಎಲೆಗೆ ಒಪ್ಪಿಸಿ, ಲ್ಯುಕೇಮಿಯಾ ಆಕ್ರಮಿಸಿದ ಅಥವಾ ಕೀಮೋಥೆರಪಿಯಿಂದ ಬಳಲಿದ ಅಸ್ಥಿಮಜ್ಜೆಗೂ ಅದನ್ನೇ ಅನ್ವಯಿಸುವುದು ಎಂತಹ ತರ್ಕ? 1.5 ಲಕ್ಷಕ್ಕೆ ಮೇಲಿರಬೇಕಾದ ಎಣಿಕೆ 10,000ಕ್ಕಿಂತ ಕೆಳಗಿಳಿದಾಗ, ರಕ್ತ ಸುರಿಯದಿದ್ದರೂ ವೈದ್ಯರು ಸಾಮಾನ್ಯವಾಗಿ ಪ್ಲೇಟ್‌ಲೆಟ್ ಕೊಡುವುದು ಮಜ್ಜೆಯ ಆ ಅಶಕ್ತತೆಯನ್ನು ಬಲ್ಲುದರಿಂದಲೇ. ಬಿಳಿಯ ರಕ್ತಕಣಗಳೂ ಕುಸಿದಿರುವ ಅಂಥ ರೋಗಿಗೆ ಸರಿಯಾಗಿ ತೊಳೆಯದ ಹಸಿ ಎಲೆಯ ರಸ ಸೋಂಕಿನ ಭಯವನ್ನೂ ತರುತ್ತದೆ.

ಅಷ್ಟಕ್ಕೂ ರಕ್ತ ಹೆಪ್ಪುಗಟ್ಟುವುದು ಪ್ಲೇಟ್‌ಲೆಟ್ ಒಂದರಿಂದಲೇ ಅಲ್ಲ. ಪ್ರೊಮೈಲೊಸೈಟಿಕ್ ಲ್ಯುಕೇಮಿಯಾದಲ್ಲಿ ರೋಗಕಣಗಳು ಸ್ರವಿಸುವ ದ್ರವ್ಯಗಳಿಂದ ರಕ್ತವು ಸೂಕ್ಷ್ಮನಾಳಗಳಲ್ಲಿ ವೃಥಾ ಹೆಪ್ಪುಗಟ್ಟಿ, ಹೆಪ್ಪಿಗೆ ಬೇಕಾದ ಪ್ರೋಟೀನುಗಳೆಲ್ಲ ಅಲ್ಲಿಯೇ ವ್ಯಯವಾಗಿ, ಕಟ್ಟಿದ ಹೆಪ್ಪೂ ಅತಿಯಾಗಿ ಕರಗತೊಡಗುವುದರಿಂದ, ನಿಜವಾಗಿ ನಿಲ್ಲಬೇಕಾದೆಡೆಯಲ್ಲಿ ರಕ್ತ ನಿಲ್ಲದು. ಮೊದಲ ದಿನಗಳಲ್ಲಿಯೇ ಮೆದುಳಿನೊಳಗೆ ರಕ್ತ ಸ್ರವಿಸಿ ಪ್ರಾಣ ಹೋಗಬಹುದು. ಶಾಂಘೈಯ ವೈದ್ಯರು ತಾವು ಕಂಡ ಫಲವನ್ನು 1988ರಲ್ಲಿ ಪ್ರಕಟಿಸಿದ, ಎ ಜೀವಸತ್ತ್ವದ ವಂಶದ ‘ಅಟ್ರಾ’ ಎಂಬ ಗುಳಿಗೆಯು ಈ ರೋಗದ ಗತಿಯನ್ನೇ ಬದಲಿಸಿತು. ಅದನ್ನು ಸಂಶಯ ಮೂಡಿದೊಡನೆಯೇ, ಜೀನ್ ಪರೀಕ್ಷೆಯ ವರದಿಗೂ ಕಾಯದೆ, ಆರಂಭಿಸಬೇಕೆಂಬುದು ವೈದ್ಯರ ನಿಯಮ. ಅಂತಹ ರೋಗದಲ್ಲಿ ಎಲೆ ಅರೆಯುತ್ತ ಕಳೆದ ಎರಡು ದಿನಗಳನ್ನು ಯಾರು ತಾನೆ ಹಿಂದಿರುಗಿಸಬಲ್ಲರು?

ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗವು ಹುಟ್ಟಿನಿಂದ ಗಂಡುಮಕ್ಕಳಿಗೆ ಮಾತ್ರ ಬರುವುದೆಂಬುದೂ ಸರಿಯಲ್ಲ: ದೇಹವು ತನ್ನದೇ ಎಂಟನೆಯ ಹೆಪ್ಪುಕಾರಕದ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿದಾಗ ಇಳಿವಯಸ್ಸಿನ ಹೆಂಗಸಿಗೂ ಅದು ತಗಲುತ್ತದೆ, ಕೆಲವರಲ್ಲಿ ಕ್ಯಾನ್ಸರೇ ಅದಕ್ಕೆ ಹಿನ್ನೆಲೆ, ಪ್ಲೇಟ್‌ಲೆಟ್ ಎಣಿಕೆಯಲ್ಲಿ ದೋಷವೇ ಕಾಣದು. ಕ್ಯಾನ್ಸರ್ ರಕ್ತವನ್ನು ತೆಳುವಾಗಿಸುವುದೆಂಬ ಮಾತೂ ಸುಳ್ಳು. ಅದರಿಂದ ಕಾಲಿನ ನಾಳಗಳಲ್ಲಿ ರಕ್ತ ಗಟ್ಟಿಯಾಗುವುದನ್ನು ಫ್ರಾನ್ಸಿನ ವೈದ್ಯ ತ್ರೂಸೊ 1865ರಲ್ಲಿಯೇ ವಿವರಿಸಿದ್ದನು.

ವೈಟ್‌ಫೀಲ್ಡಿನ ಕಛೇರಿಗಳಲ್ಲಿ ಗಣಕದ ಒಂದು ಸಾಲನ್ನೂ ಪರೀಕ್ಷಿಸದೆ ಬಿಡದ ವಿದ್ಯಾವಂತರು, 1973ರಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಿರುವ ಈ ಬೆಂಗಳೂರಿನಲ್ಲಿ, ಮೊಬೈಲಿಗೆ ಬಂದ ಸಲಹೆಯನ್ನು ಪ್ರಶ್ನಿಸದೆ ತಾಯಿಗೆ ಕುಡಿಸುವುದು ನನಗೆ ದುಃಖವನ್ನುಂಟುಮಾಡುತ್ತದೆ. ರಕ್ತ ಕಂಡ ದಿನವೇ ಚಿಕಿತ್ಸೆಯ ಫೈಲು ಹಿಡಿದು ಆಸ್ಪತ್ರೆಗೆ ಹೋಗಿ, ಪ್ಲೇಟ್‌ಲೆಟ್ ಜತೆಗೆ ಹೆಪ್ಪುಗಟ್ಟುವಿಕೆಯ ಪಿಟಿ, ಎಪಿಟಿಟಿ, ಫೈಬ್ರಿನೊಜೆನ್ ಪರೀಕ್ಷೆಗಳೂ ಬೇಕೇ ಎಂದು ಕೇಳಬೇಕು. ಅದುವರೆಗೆ ನೋವಿಗೆಂದು ಆಸ್ಪಿರಿನ್, ಬ್ರೂಫೆನ್ ಕೊಡಬಾರದು.